ಪುಟ್ಟಿಗೆ, ಮತ್ತೆ ಈ ಗ್ರೂಪಿನಲ್ಲಿರುವ ಎಲ್ಲರಿಗೂ

ಪುಟ್ಟಿ, ನಿನ್ನ ಮೆಸೇಜು ಬೆಳಿಗ್ಗೆಯೇ ನೋಡಿದೆ. ಈ ತಿಂಗಳು ಮಗುವಿಗಾಗಿ ಐವಿಎಫ್ ಚಿಕಿತ್ಸೆ ಶುರುವಾಗಬೇಕಿತ್ತು, ಮುಟ್ಟಿನ ಎರಡನೇ ದಿನದ ಸ್ಕ್ಯಾನ್‌ನಲ್ಲಿ ಅಂಡಾಶಯದಲ್ಲಿ ಸಿಸ್ಟ್, ಅಂದರೆ ನೀರುಗುಳ್ಳೆ, ಕಂಡಿತು, ಥೈರಾಯ್ಡ್ ಕೂಡ ಜಾಸ್ತಿ ಬಂತು, ಇನ್ನೆರಡು ತಿಂಗಳು ಕಾಯಿರಿ ಎಂದಿದ್ದಾರೆ, ಭಾನುವಾರದ ಸೀಮಂತಕ್ಕೆ ಬರಲು ಮನಸ್ಸಾಗುತ್ತಿಲ್ಲ, ಯಾರೂ ತಪ್ಪು ತಿಳಿಯಬೇಡಿ ಎಂದು ಬರೆದಿದ್ದೀಯ. ಅದರ ಕೆಳಗೆ ಬಂದ ಉತ್ತರಗಳನ್ನೂ ಓದಿದೆ. ಟೈಪ್ ಮಾಡಲು ಹೋದರೆ ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆ, ಅದಕ್ಕೇ ವಾಯ್ಸ್ ಮೆಸೇಜಿನಲ್ಲಿ ಮಾತಾಡುತ್ತಿದ್ದೇನೆ. ಉದ್ದವಾಗುತ್ತದೆ. ಕೈಲಿರುವ ಕೆಲಸ ಮುಗಿಸಿಕೊಂಡು ಎಲ್ಲರೂ ಕೇಳಿ.

ಗ್ರೂಪಿನಲ್ಲಿ ಜಾಸ್ತಿ ಜನ ಹೇಳಿದ್ದು ಒಂದೇ ಮಾತು. ಟೆನ್ಶನ್ ಮಾಡಿಕೊಳ್ಳಬೇಡ, ಟೆನ್ಶನ್ ಮಾಡಿಕೊಂಡರೆ ಗರ್ಭ ನಿಲ್ಲುವುದಿಲ್ಲ. ಪ್ರೀತಿಯಿಂದಲೇ ಹೇಳಿದ್ದೀರಿ, ಗೊತ್ತು. ಆದರೆ ಅದು ಅವಳ ಕಿವಿಗೆ ಹೇಗೆ ಬೀಳುತ್ತದೆ ಗೊತ್ತಾ? ನೀನು ಅತ್ತರೆ ನಿನ್ನ ಮಗುವನ್ನು ನೀನೇ ದೂರ ಮಾಡಿಕೊಳ್ಳುತ್ತೀಯ ಎಂದು ಬೀಳುತ್ತದೆ. ಆಮೇಲೆ ಅಳುವುದಕ್ಕೂ ಹೆದರಿಕೆ. ನನಗೂ ಹಾಗೇ ಆಗಿತ್ತು. ರಾತ್ರಿ ದುಃಖ ಉಮ್ಮಳಿಸಿ ಬಂದರೆ ನಲ್ಲಿ ಬಿಟ್ಟುಕೊಂಡು ಮುಖ ತೊಳೆದು, ಏನೂ ಆಗಿಲ್ಲ ಏನೂ ಆಗಿಲ್ಲ ಎಂದು ಹೇಳಿಕೊಳ್ಳುತ್ತಾ ಬಂದು ಮಲಗುತ್ತಿದ್ದೆ. ದುಃಖ ಒಂದು, ಅದನ್ನು ಬಚ್ಚಿಡುವ ಕೆಲಸ ಇನ್ನೊಂದು.

ಪುಟ್ಟಿ, ನಿನ್ನ ಅಳುವಿನಿಂದ ಚಿಕಿತ್ಸೆ ಕೆಡುವುದಿಲ್ಲ. ಇದು ನಾನು ಸಮಾಧಾನಕ್ಕೆ ಕಟ್ಟಿ ಹೇಳುತ್ತಿರುವ ಮಾತಲ್ಲ. 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 14 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ವರದಿ ಬಂತು. ಚಿಕಿತ್ಸೆಗೆ ಹೊರಟ ಮೂರೂವರೆ ಸಾವಿರಕ್ಕೂ ಹೆಚ್ಚು ಹೆಂಗಸರ ಆತಂಕ, ಬೇಸರ ಎಷ್ಟಿದೆ ಎಂದು ಮೊದಲೇ ಅಳೆದಿಟ್ಟಿದ್ದರು. ಆ ಸೈಕಲ್‌ನಲ್ಲಿ, ಅಂದರೆ ಆ ಒಂದು ಸುತ್ತಿನ ಚಿಕಿತ್ಸೆಯಲ್ಲಿ, ಗರ್ಭ ನಿಂತವರಿಗೂ ನಿಲ್ಲದವರಿಗೂ ಅದರಲ್ಲಿ ವ್ಯತ್ಯಾಸ ಸಿಗಲಿಲ್ಲ. ತುಂಬಾ ಹೆದರಿದವರಿಗೂ ಆಗಿದೆ, ಆರಾಮಾಗಿದ್ದವರಿಗೂ ಆಗಿಲ್ಲ. ಮನಸ್ಸು ಸಮಾಧಾನವಾಗಿದ್ದರೆ ನಿನಗೆ ಒಳ್ಳೆಯದು, ನಿದ್ದೆ ಬರುತ್ತದೆ, ಊಟ ಸೇರುತ್ತದೆ. ಅಷ್ಟಕ್ಕಾಗಿ ಸಮಾಧಾನ ಬೇಕು. ಮಗುವಿಗೆ ಕಟ್ಟುವ ಕಂದಾಯದ ಹಾಗೆ ನೀನು ನಗುತ್ತಾ ಕೂರಬೇಕಾಗಿಲ್ಲ.

ಇಷ್ಟಕ್ಕೆಲ್ಲ ಇಷ್ಟೊಂದು ಬೇಜಾರಾ ಎನ್ನುವವರಿಗೂ ಒಂದು ವಿಷಯ. 1993ರಲ್ಲೇ ಅಮೆರಿಕದಲ್ಲಿ ಆಲಿಸ್ ಡೋಮರ್ ಎನ್ನುವ ಮನಶ್ಶಾಸ್ತ್ರಜ್ಞೆ ಮತ್ತು ಅವರ ಜೊತೆಯವರು, ಮಕ್ಕಳಾಗದ ಹೆಂಗಸರ ಮನಸ್ಥಿತಿಯನ್ನು ಬೇರೆ ರೋಗಿಗಳ ಜೊತೆ ಹೋಲಿಸಿ ನೋಡಿದ್ದರು. ಖಿನ್ನತೆ, ಆತಂಕ ಹೆಚ್ಚೂ ಕಮ್ಮಿ ಕ್ಯಾನ್ಸರ್ ರೋಗಿಗಳಷ್ಟೇ ಇತ್ತು. ಕ್ಯಾನ್ಸರ್ ಬಂದವರ ಮನೆಗೆ ಹೋಗಿ ನಾವು ಯಾರೂ ಟೆನ್ಶನ್ ಮಾಡಿಕೊಳ್ಳಬೇಡ ಎಂದು ಬೈಯುವುದಿಲ್ಲ, ಅಲ್ವಾ?

ಈಗ ಆ ಎರಡು ತಿಂಗಳ ವಿಷಯ. ಮುಂದಕ್ಕೆ ಹಾಕಿದ್ದಾರೆ ಎಂದ ತಕ್ಷಣ ಬಾಗಿಲು ಮುಚ್ಚಿದ ಹಾಗೆ ಅನಿಸುತ್ತದೆ. ಎರಡನೇ ದಿನದ ಸ್ಕ್ಯಾನ್‌ನಲ್ಲಿ ಹೀಗೆ ಸಿಸ್ಟ್ ಕಾಣುವುದು ಮಾಮೂಲು. ಎಷ್ಟೋ ಸಲ ಅದು ಹಿಂದಿನ ತಿಂಗಳಿಂದ ಉಳಿದುಕೊಂಡಿದ್ದು, ಒಂದೆರಡು ಮುಟ್ಟಿನಲ್ಲಿ ತಾನೇ ಕರಗುತ್ತದೆ. ಅದನ್ನು ಇಟ್ಟುಕೊಂಡು ಇಂಜೆಕ್ಷನ್ ಶುರು ಮಾಡಿದರೆ ಅಂಡವಿರುವ ಬೇರೆ ಕೋಶಗಳು ಸರಿಯಾಗಿ ಬೆಳೆಯದೆ ಹೋಗಬಹುದು, ಅಷ್ಟು ದುಡ್ಡಿನ ಔಷಧಿ ದಂಡ. ಥೈರಾಯ್ಡ್ ಮಾತ್ರೆಯನ್ನು ಏರಿಸಿದರೆ ಅದು ರಕ್ತದಲ್ಲಿ ನೆಲೆ ನಿಲ್ಲಲು ಆರು ವಾರ ಬೇಕು, ಆಮೇಲೇ ಮತ್ತೆ ಟೆಸ್ಟ್. ನಿನಗೆ ಗರ್ಭನಿರೋಧಕ ಮಾತ್ರೆ ಬರೆದುಕೊಟ್ಟರೂ ಗಾಬರಿಯಾಗಬೇಡ. ನನಗೆ ಆ ಚೀಟಿ ಕೊಟ್ಟಾಗ ಮೆಡಿಕಲ್ ಶಾಪಿನವನ ಎದುರು ನಿಂತು ಎರಡೆರಡು ಸಲ ಓದಿದ್ದೆ. ಮಗು ಬೇಕೆಂದು ಬಂದವಳಿಗೆ ಇದನ್ನು ಯಾಕೆ ಕೊಡುತ್ತಾರೆ ಎಂದು ಎದೆ ಧಸಕ್ ಎಂದಿತು. ಅಂಡಾಶಯಕ್ಕೆ ಸ್ವಲ್ಪ ವಿಶ್ರಾಂತಿ, ಸೈಕಲ್ ಯಾವಾಗ ಶುರು ಮಾಡಬೇಕು ಎನ್ನುವ ಲೆಕ್ಕ, ಅಷ್ಟೇ. ಅಂದರೆ ಈ ಎರಡು ತಿಂಗಳೂ ಚಿಕಿತ್ಸೆಯೇ. ಹೊರಗೆ ನಿಲ್ಲಿಸಿದ್ದಾರೆ ಎಂದುಕೊಳ್ಳಬೇಡ.

ನಿಮ್ಮಲ್ಲಿ ಹಿರಿಯರಿಗೆ ಮಾತ್ರ ಗೊತ್ತು, ನಮ್ಮದೂ ಇದೇ ದಾರಿ. ಈ ಗ್ರೂಪಿನಲ್ಲಿ ನಾನು ಅದರ ಬಗ್ಗೆ ಎಂದೂ ಮಾತಾಡಿಲ್ಲ. ನನಗೆ ಗರ್ಭಕೋಶದ ಟಿಬಿ ಇತ್ತು. ಕೆಮ್ಮಿಲ್ಲ, ಜ್ವರವಿಲ್ಲ, ಸುಮ್ನೆ ಒಳಗೊಳಗೇ ಟ್ಯೂಬ್‌ಗಳನ್ನು ಹಾಳು ಮಾಡಿತ್ತು. ಆರು ತಿಂಗಳು ಟಿಬಿ ಮಾತ್ರೆ ಮುಗಿಯುವ ತನಕ ಐವಿಎಫ್ ಮಾತೇ ಇಲ್ಲ ಎಂದರು. ಕೊನೆಗೆ ಐವಿಎಫ್ ಮಾಡಿಸಿದರೂ ಮಗು ಆಗಲಿಲ್ಲ. ನಿನ್ನ ಕಥೆ ನನ್ನ ಕಥೆಯಲ್ಲ ಪುಟ್ಟಿ, ನಿನ್ನ ರಿಪೋರ್ಟೇ ಬೇರೆ. ಇದನ್ನು ಹೇಳಿದ್ದು ಯಾಕೆಂದರೆ, ಕಾಯುವುದು ಎಂದರೆ ಏನು ಎಂದು ನನಗೆ ಗೊತ್ತು ಎಂದು ನಿನಗೆ ಗೊತ್ತಿರಲಿ.

ಕಾಯುವಾಗ ಬದುಕಿನ ಎಲ್ಲವೂ ಮುಂದಿನ ತಿಂಗಳಿಗೆ ಹೋಗುತ್ತದೆ. ಮನೆ ಬದಲಿಸೋಣ, ಬೇಡ, ಟ್ರೀಟ್‌ಮೆಂಟ್ ಮುಗಿಯಲಿ. ಬೇರೆ ಕೆಲಸಕ್ಕೆ ಅರ್ಜಿ ಹಾಕೋಣ, ಬೇಡ, ರಜೆ ಬೇಕಾಗುತ್ತದೆ. ರವಿಕೆ ಹೊಲಿಸೋಣ, ಬೇಡ, ಅಷ್ಟರಲ್ಲಿ ಹೊಟ್ಟೆ ಬಂದಿದ್ದರೆ? ಹೀಗೆ ಒಂದು ರವಿಕೆ ಪೀಸು ಬೀರುವಿನಲ್ಲಿ ಹಾಗೇ ಮಡಚಿಕೊಂಡು ಕೂತಿರುತ್ತದೆ. ಯಾರೂ ಕೇಳುವುದಿಲ್ಲ, ಯಾರಿಗೂ ಕಾಣುವುದಿಲ್ಲ. ನೀನು ಆ ಪೀಸನ್ನು ಈ ವಾರವೇ ಟೈಲರ್‌ಗೆ ಕೊಡು. ಹೊಟ್ಟೆ ಬಂದರೆ ಬಿಚ್ಚಿ ದೊಡ್ಡದು ಮಾಡಿಸೋಣ. ಸಂಗೀತದ ಕ್ಲಾಸು ಬಿಟ್ಟಿದ್ದೀಯಂತೆ, ವಾಪಸ್ ಸೇರು. ಟಿಕೆಟ್ ಬುಕ್ ಮಾಡು, ಬೇಕಾದರೆ ಕ್ಯಾನ್ಸಲ್ ಮಾಡಿದರಾಯಿತು. ಸ್ವಲ್ಪ ದುಡ್ಡು ಹೋದರೆ ಹೋಗಲಿ. ಎರಡು ತಿಂಗಳು ನಿನ್ನ ಆಯುಸ್ಸಿನದ್ದೇ.

ರಾತ್ರಿ ಹೊತ್ತು ಗೂಗಲ್ ಮಾಡಬೇಡ. ಅಂಡ ಎಷ್ಟು ಉಳಿದಿವೆ ಎಂದು ಅಂದಾಜು ಹೇಳುವ ಆ ಎಎಂಎಚ್ ಟೆಸ್ಟಿನ ನಂಬರ್ ಹಿಡಿದುಕೊಂಡು ಹುಡುಕಿದರೆ ಬೆಳಗಾಗುತ್ತದೆ, ಉತ್ತರ ಸಿಗುವುದಿಲ್ಲ. ಪ್ರಶ್ನೆಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟು ಡಾಕ್ಟರ್ ಎದುರಿಗೇ ಕೇಳು. ಗರ್ಭಿಣಿಯರ ಸ್ಟೇಟಸ್ ಮ್ಯೂಟ್ ಮಾಡು, ಅದು ಅಸೂಯೆ ಅಲ್ಲ. ಅಸೂಯೆ ಆದರೂ ಪರವಾಗಿಲ್ಲ.

ಸೀಮಂತದ ವಿಷಯ. ಒಂದು ಸೀಮಂತದಲ್ಲಿ ನಾನು ಬಳೆ ತೊಡಿಸಲು ಹೋಗಿ ಕೈ ಚಾಚಿದ್ದೆ. ಹಸಿರು ಗಾಜಿನ ಬಳೆ ಬೆರಳಲ್ಲೇ ಇತ್ತು. ಮಕ್ಕಳಿರುವವರು ಮೊದಲು ತೊಡಿಸಲಿ, ನೀನು ಆಮೇಲೆ ಬಾ ಎಂದು ಒಬ್ಬರು ಮೆಲ್ಲಗೆ ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ಸರಿಸಿದರು. ಮೆಲ್ಲಗೇ ಸರಿಸಿದರು, ಅದೇ ಜಾಸ್ತಿ ನೋವಾಗಿದ್ದು. ಹಿರಿಯರೇ, ದಯವಿಟ್ಟು, ಪುಟ್ಟಿ ಬಂದರೆ ಅವಳ ಕೈಯಿಂದ ಆರತಿ ಮಾಡಿಸಿ, ಅವಳಿಗೂ ಎಲ್ಲರ ಹಾಗೆ ಕುಂಕುಮ ಹೂವು ಕೊಡಿ. ಮುಂದಿನ ಸಲ ನಿನ್ನದೇ ಎಂದು ಮಡಿಲು ತೋರಿಸಿ ಹೇಳಬೇಡಿ. ಬಾರದಿದ್ದರೆ ಎಲ್ಲಿ ಎಂದು ಕೇಳಬೇಡಿ. ವಿಶೇಷ ಏನಾದರೂ ಇದೆಯಾ ಎಂದು ಯಾವತ್ತೂ ಕೇಳಬೇಡಿ, ಇದ್ದರೆ ಅವಳೇ ಹೇಳುತ್ತಾಳೆ. ಸೀಮಂತ ಮಾಡಿಸಿಕೊಳ್ಳುವ ನಮ್ಮ ಹುಡುಗಿ ಕೂಡ ಇದನ್ನು ಕೇಳುತ್ತಿರುತ್ತಾಳೆ. ನೀನು ಸಂಕೋಚಪಡಬೇಡಮ್ಮ. ನಿನ್ನ ಸಂತೋಷ ಅವಳ ದುಃಖಕ್ಕೆ ಕಾರಣವಲ್ಲ. ಫೋಟೊ ಹಾಕು, ನಾವೆಲ್ಲ ನೋಡುತ್ತೇವೆ.

ದೊಡ್ಡಮ್ಮ ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿ ನಾಗಪ್ರತಿಷ್ಠೆ ಮಾಡಿಸು ಎಂದಿದ್ದಾರೆ. ಮನಸ್ಸಿದ್ದರೆ ಹೋಗಿ ಬಾ, ನಾನೂ ಬೇಕಾದಷ್ಟು ಸುತ್ತಿದ್ದೇನೆ. ಚನ್ನಪಟ್ಟಣದ ಹತ್ತಿರ ದೊಡ್ಡಮಳೂರಿನ ಅಂಬೆಗಾಲು ಕೃಷ್ಣನ ಗುಡಿಯಲ್ಲಿ ಹರಕೆಯ ತೊಟ್ಟಿಲುಗಳು ಇರುತ್ತವೆ. ಅಂಗೈ ಅಗಲದ ಮರದ ತೊಟ್ಟಿಲುಗಳು. ಅವನ್ನು ನೋಡುತ್ತಾ ನಿಂತು ಮನಸಾರೆ ಅತ್ತಿದ್ದೇನೆ. ಒಂದೊಂದು ತೊಟ್ಟಿಲೂ ನನ್ನ ಹಾಗೇ ಕಾದ ಒಬ್ಬಳದ್ದು ಎನಿಸಿ ಒಂಟಿತನ ಕಮ್ಮಿಯಾಯಿತು. ಆದರೆ ದೋಷ ಕಳೆಯಲು ಹೋಗಬೇಡ. ನಿನ್ನಲ್ಲಿ ಯಾವ ದೋಷವೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ ಪ್ರಕಾರ ಜಗತ್ತಿನಲ್ಲಿ ಸುಮಾರು ಆರರಲ್ಲಿ ಒಬ್ಬರು ಬದುಕಿನ ಒಂದಲ್ಲ ಒಂದು ಹಂತದಲ್ಲಿ ಇದನ್ನು ಅನುಭವಿಸುತ್ತಾರೆ. ಅಷ್ಟೂ ಜನ ಹಾವು ಹೊಡೆದವರಾ?

ದತ್ತು ತೆಗೆದುಕೊಳ್ಳಿ ಎಂದವರಿಗೆ: ಅದು ಒಳ್ಳೆಯ ಕೆಲಸ, ಆದರೆ ಅಲ್ಲೂ ವರ್ಷಗಟ್ಟಲೆ ಸರದಿ ಇದೆ, ಅದಕ್ಕೂ ಬೇರೆಯೇ ಮನಸ್ಸು ಬೇಕು. ಚಿಕಿತ್ಸೆಗೆ ಸಿದ್ಧವಾಗುತ್ತಿರುವವಳಿಗೆ ಈಗ ಹೇಳುವ ಮಾತಲ್ಲ.

ಚಿಕ್ಕಪ್ಪ ಸಾಲುಮರದ ತಿಮ್ಮಕ್ಕನ ಫೋಟೊ ಹಾಕಿ ಮಕ್ಕಳೇ ಎಲ್ಲ ಅಲ್ಲ ಎಂದಿದ್ದಾರೆ. ತಿಮ್ಮಕ್ಕನ ಮೇಲೆ ನನಗೆ ಅಪಾರ ಗೌರವ. ಆದರೆ ಇವಳಿನ್ನೂ ಮಗುವಿನ ಆಸೆ ಇಟ್ಟುಕೊಂಡು ಕಾಯುತ್ತಿದ್ದಾಳೆ, ಆಸೆ ಬಿಡು ಎಂದು ಹೇಳಿದ ಹಾಗಾಗುತ್ತದೆ. ನನಗೆ ಆ ಕಥೆಯಲ್ಲಿ ಯಾವಾಗಲೂ ಮನಸ್ಸಿಗೆ ತಟ್ಟುವುದು ಅವರ ಗಂಡ ಚಿಕ್ಕಯ್ಯ. ಹುಲಿಕಲ್ಲು ಕುದೂರು ರಸ್ತೆಯಲ್ಲಿ ಆ ಆಲದ ಸಸಿಗಳಿಗೆ ತಿಮ್ಮಕ್ಕನ ಜೊತೆ ಅವರೂ ನೀರು ಹೊತ್ತರು. ಊರು ಹೆಂಡತಿಯನ್ನು ಆಡಿಕೊಳ್ಳುತ್ತಿದ್ದಾಗ ಅವರು ಪಕ್ಕದಲ್ಲೇ ನಡೆದರು.

ಅಳಿಯಂದಿರೇ, ಇದು ನಿಮಗೆ. ನೀವೂ ಈ ಗ್ರೂಪಿನಲ್ಲಿದ್ದೀರಿ, ಒಂದು ಮಾತೂ ಆಡಿಲ್ಲ. ನಿಮಗೂ ನೋವಿದೆ, ಗೊತ್ತು. ನಿಮ್ಮನ್ನು ಯಾರೂ ಹೇಗಿದ್ದೀಯಪ್ಪ ಎಂದು ಕೇಳುವುದಿಲ್ಲ. ಮಕ್ಕಳಾಗದಿರುವ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಡೆಯ ಕಾರಣವೂ ಇರುತ್ತದೆ, ಆದರೆ ಊರವರ ಪ್ರಶ್ನೆಗಳೆಲ್ಲ ಹೆಂಗಸಿನ ಮಡಿಲಿಗೇ ಬೀಳುತ್ತವೆ. ಅದಕ್ಕೇ ಕೇಳುತ್ತಿದ್ದೇನೆ, ಇನ್ನು ಮೇಲೆ ಎರಡೂ ಮನೆಯವರ ಫೋನಿಗೆ ನೀವೇ ಉತ್ತರ ಕೊಡಿ. ಡೇಟ್ ಮುಂದೆ ಹೋಗಿದೆ, ವಿಷಯ ಇದ್ದರೆ ನಾವೇ ತಿಳಿಸುತ್ತೇವೆ, ಇಷ್ಟೇ ಸಾಕು. ದಿನಕ್ಕೆ ಅರ್ಧ ಗಂಟೆ ಇಬ್ಬರೂ ಇದರ ಬಗ್ಗೆ ಮಾತಾಡಿ, ಅಳು ಬಂದರೆ ಅತ್ತುಬಿಡಿ. ಉಳಿದ ಹೊತ್ತು ಬೇರೆ ಮಾತಿರಲಿ. ದುಡ್ಡು ಎಷ್ಟರವರೆಗೆ, ಎಷ್ಟು ಸೈಕಲ್‌ವರೆಗೆ ಎಂದು ಈಗಲೇ, ತಲೆ ತಣ್ಣಗಿರುವಾಗಲೇ ಮಾತಾಡಿಕೊಳ್ಳಿ. ಆಮೇಲೆ ಬದಲಿಸಿದರೂ ಸರಿ.

ಪುಟ್ಟಿ, ಇನ್ನೊಂದು. ಕ್ಲಿನಿಕ್‌ನಲ್ಲಿ ಕೌನ್ಸೆಲರ್ ಎಲ್ಲಿ ಎಂದು ಕೇಳು. ಐವಿಎಫ್‌ನಂಥ ಚಿಕಿತ್ಸೆಗಳಿಗೆಂದೇ ಇರುವ 2021ರ ಎಆರ್‌ಟಿ ಕಾನೂನಿನ ಪ್ರಕಾರ ಚಿಕಿತ್ಸೆಯ ಪರಿಣಾಮ, ಆಗುವ ಸಾಧ್ಯತೆ ಎಲ್ಲವನ್ನೂ ಕೂರಿಸಿಕೊಂಡು ತಿಳಿಹೇಳುವುದು ಅವರ ಜವಾಬ್ದಾರಿ. ಅದು ಉಪಕಾರವಲ್ಲ. ಎರಡು ವಾರದ ಮೇಲೂ ನಿದ್ದೆ ಬಾರದೆ, ಯಾವುದರಲ್ಲೂ ಮನಸ್ಸಿಲ್ಲದೆ ಇದ್ದರೆ, ಅಥವಾ ಬದುಕೇ ಬೇಡ ಎಂದು ಒಂದೇ ಒಂದು ಸಲ ಅನಿಸಿದರೂ, ತಡ ಮಾಡದೆ 14416ಕ್ಕೆ ಫೋನ್ ಮಾಡು. ಅದು ಟೆಲಿಮಾನಸ್, ಮನಸ್ಸಿನ ಆರೋಗ್ಯದ ಸಹಾಯವಾಣಿ, 2022ರಿಂದ ಸರ್ಕಾರ ನಡೆಸುತ್ತಿರುವುದು, ಅದಕ್ಕೆ ನಮ್ಮ ನಿಮ್ಹಾನ್ಸ್‌ನ ಮಾರ್ಗದರ್ಶನ ಇದೆ. ದಿನವಿಡೀ ಇರುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಆಮೇಲೆ ನನಗೂ ಫೋನ್ ಮಾಡು, ಎಷ್ಟು ಹೊತ್ತಾದರೂ ಎತ್ತುತ್ತೇನೆ.

ಭಾನುವಾರ ಬರುವುದಾದರೆ ನನ್ನ ಪಕ್ಕ ಕೂತುಕೋ, ಊಟ ಮುಗಿದ ಕೂಡಲೇ ಇಬ್ಬರೂ ಎದ್ದು ಹೊರಡೋಣ. ಬಾರದಿದ್ದರೆ ಹೋಳಿಗೆ ಡಬ್ಬಿಗೆ ಹಾಕಿಸಿಕೊಂಡು ಸಂಜೆ ನಿನ್ನ ಮನೆಗೆ ಬರುತ್ತೇನೆ. ಯಾವುದು ಎಂದು ಈ ಗ್ರೂಪಿನಲ್ಲಿ ಹಾಕಬೇಡ, ನನಗೆ ಮಾತ್ರ ತಿಳಿಸು. ಮುಂದಿನ ಸ್ಕ್ಯಾನ್ ದಿನ ಅಳಿಯಂದಿರಿಗೆ ರಜೆ ಸಿಗದಿದ್ದರೆ ನಾನು ಜೊತೆಗೆ ಬರುತ್ತೇನೆ, ಡೇಟ್ ಕಳಿಸು.