ವರ್ಚುವಲ್ ವರ್ಕ್: ‘ಮಿಥ್ಯಾ ಕಾರ್ಯ’ವೋ, ‘ಎಣಿಕೆಯ ಕೆಲಸ’ವೋ?

ಎಲ್ಲರಿಗೂ ನಮಸ್ಕಾರ.

ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಸ್ಟ್ರಕ್ಚರಲ್ ಅನಾಲಿಸಿಸ್ (ಕಟ್ಟಡ, ಸೇತುವೆಗಳ ಮೇಲಿನ ಬಲಗಳ ಲೆಕ್ಕ) ಪಾಠ ಮಾಡುತ್ತೇನೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ‘ವರ್ಚುವಲ್ ವರ್ಕ್’ (ಬಲವನ್ನು ಸರಿದ ದೂರದಿಂದ ಗುಣಿಸಿದರೆ ಕೆಲಸ; ಆ ಎರಡರಲ್ಲೊಂದು ಬರೀ ಅಂದುಕೊಂಡದ್ದಾದರೆ ಇದು) ವಿವರಿಸುವಾಗ ಪ್ರತಿವರ್ಷ ಪದಕ್ಕಾಗಿ ತಡಕಾಡುತ್ತೇನೆ. ಹೈಸ್ಕೂಲಿನ ಬೆಳಕಿನ ಪಾಠದಲ್ಲಿ ‘ಮಿಥ್ಯ ಪ್ರತಿಬಿಂಬ’ ಓದಿರುವುದರಿಂದ ‘ಮಿಥ್ಯಾ ಕಾರ್ಯ’ ಎಂದರೆ ತಟ್ಟನೆ ತಲೆಯಾಡಿಸುತ್ತಾರೆ. ಆದರೆ ಹೋದ ವಾರ ಒಬ್ಬಳು ಕೇಳಿದಳು: “ಸುಳ್ಳು ಕೆಲಸದಿಂದ ನಿಜವಾದ ಉತ್ತರ ಹೇಗೆ ಬರುತ್ತೆ ಸರ್?” ನ್ಯಾಯವಾದ ಪ್ರಶ್ನೆ.

ಕಲ್ಲಿನ ಮೇಲೆ ಅಡ್ಡ ಇಟ್ಟ ಹಲಗೆಯನ್ನು ನೋಡಿ. ಒಂದು ಕಡೆ 1 ಮೀಟರ್ ದೂರದಲ್ಲಿ 40 ಕಿಲೋ ಮೂಟೆ, ಇನ್ನೊಂದು ಕಡೆ 2 ಮೀಟರ್ ದೂರದಲ್ಲಿ 20 ಕಿಲೋ ಮೂಟೆ. ಹಲಗೆ ಅಲುಗದೆ ನಿಂತಿದೆ. ಒಂಚೂರು ವಾಲಿತು ಅಂತ ಇಟ್ಟುಕೊಳ್ಳಿ: ದೊಡ್ಡ ಮೂಟೆ 1 ಮಿಲಿಮೀಟರ್ ಇಳಿದರೆ ಚಿಕ್ಕದು 2 ಮಿಲಿಮೀಟರ್ ಏರುತ್ತದೆ. ತೂಕವನ್ನು ಸರಿದ ದೂರದಿಂದ ಗುಣಿಸಿದರೆ ಆಚೆಗೂ 40, ಈಚೆಗೂ 40; ಒಂದು ಇಳಿತ, ಇನ್ನೊಂದು ಏರಿಕೆ, ಹಾಗಾಗಿ ಒಟ್ಟು ಸೊನ್ನೆ. ಮೂಟೆಗಳ ತೂಕ ನಿಜ, ವಾಲಿದ್ದು ಮಾತ್ರ ನಾವು ಅಂದುಕೊಂಡದ್ದು.

ಒಂದು ಮಾನದ ಭಾರ ಇದೆ ಅಂದುಕೊಂಡು ಇಳಿತ ಕಂಡುಹಿಡಿಯುವ ಯೂನಿಟ್ ಲೋಡ್ ವಿಧಾನದಲ್ಲಿ ಇದು ತಿರುಗಾಮುರುಗಾ. 3 ಮೀಟರಿನ ಕ್ಯಾಂಟಿಲಿವರ್ (ಒಂದೇ ಕಡೆ ಬಿಗಿದ ತೊಲೆ), ಬಿಡುವಾದ ತುದಿಯಲ್ಲಿ 10 ಕಿಲೋನ್ಯೂಟನ್ ಭಾರ, ‘ಇಐ’ (ತೊಲೆ ಬಾಗದಂತೆ ತಡೆಯುವ ಬಿಗಿತದ ಅಳತೆ) 9000 ಕಿಲೋನ್ಯೂಟನ್-ಚದರ ಮೀಟರ್ ಆದರೆ ತುದಿ 10 ಮಿಲಿಮೀಟರ್ ಇಳಿಯುತ್ತದೆ. ಆ ಇಳಿತ ಸ್ಕೇಲು ಹಿಡಿದು ಅಳೆಯಬಹುದಾದಷ್ಟು ನಿಜ. ಅದನ್ನು ಕಂಡುಹಿಡಿಯಲು ತುದಿಗೆ ತೂಗುಹಾಕಿದ 1 ಕಿಲೋನ್ಯೂಟನ್ ಮಾತ್ರ ಎಲ್ಲೂ ಇಲ್ಲ.

ಹೀಗೆ ಎರಡರಲ್ಲೂ ಅರ್ಧ ನಿಜ. ಇಡೀ ಕೆಲಸಕ್ಕೆ ‘ಮಿಥ್ಯಾ’ ಅಂಟಿಸಿದರೆ ಆ ಅರ್ಧ ಅಳಿಸಿಹೋಗುತ್ತದೆ. ಗಣಿತಜ್ಞ ಯೋಹಾನ್ ಬರ್ನೂಲಿ, ಆಮೇಲೆ 1788ರಲ್ಲಿ ಇನ್ನೊಬ್ಬ ಗಣಿತಜ್ಞ ಲಗ್ರಾಂಜ್, ಇಬ್ಬರೂ ‘ವರ್ಚುವಲ್’ ಎಂದದ್ದು ವೇಗಕ್ಕೆ. ಕೆಲಸಕ್ಕೆ ಆ ವಿಶೇಷಣ ಬಂದದ್ದು ನಂತರ. ಇನ್ನು ‘ವರ್ಚುವಲ್’ ಅಂತಲೇ ಬಿಟ್ಟರೆ ಹುಡುಗರಿಗೆ ನೆನಪಾಗುವುದು ಆನ್‌ಲೈನ್ ಕ್ಲಾಸು.

ನನ್ನ ಮನಸ್ಸು ‘ಎಣಿಕೆ’ಯ ಕಡೆಗಿದೆ. ಎಣಿಸು ಎಂದರೆ ಲೆಕ್ಕ ಮಾಡು, ಭಾವಿಸು ಕೂಡ. ಕರಾವಳಿಯವರು “ನಾನು ಹಾಗೆ ಎಣಿಸಿದ್ದೆ” ಎನ್ನುವುದು ಈ ಅರ್ಥದಲ್ಲೇ. ಇಲ್ಲಿ ಎರಡೂ ಬೇಕು. ಎಣಿಕೆಯ ಚಲನೆ, ಎಣಿಕೆಯ ಭಾರ, ಅವುಗಳಿಂದ ಎಣಿಕೆಯ ಕೆಲಸ. ಆದರೆ ಬೆಂಗಳೂರು ಮೈಸೂರಿನ ಕಡೆ ಎಣಿಕೆ ಎಂದರೆ ಮತ ಎಣಿಕೆಯೇ ಮೊದಲು ಕಣ್ಣಮುಂದೆ ಬರುತ್ತದೆಯೇ? ‘ಕಲ್ಪಿತ’ ಎಲ್ಲರಿಗೂ ತಿಳಿಯುತ್ತದೆ, ಆದರೆ ಅದರಲ್ಲಿ ಕಟ್ಟುಕಥೆಯ ವಾಸನೆ ಇದೆ.

ಲೆಕ್ಕದ ಪಾಠದಲ್ಲಿ “ಅಂತ ಇಟ್ಟುಕೊಳ್ಳಿ”, “ಅಂತ ಹಿಡಿಯಿರಿ” ಎನ್ನುತ್ತೇವಲ್ಲ, ಆ ಅರ್ಥದ ನಾಮಪದವೊಂದು ನಿಮ್ಮ ಕಡೆ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ. ಮುಂದಿನ ವಾರ ಟ್ರಸ್ (ಸರಳುಗಳನ್ನು ತ್ರಿಕೋನಗಳಾಗಿ ಜೋಡಿಸಿದ ಚೌಕಟ್ಟು) ಲೆಕ್ಕ ಶುರು ಮಾಡಬೇಕು.