ದೇವಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ: ಎಂ.ಎ. ಸಾಕಾ, ಎಂ.ಡಿವ್. ಬೇಕಾ?

ಪ್ರಶ್ನೆ: ಅಯ್ಯನವರಿಗೂ ಇಲ್ಲಿರುವ ಬೋಧಕರಿಗೂ ವಂದನೆ. ನನ್ನದು ಬಿ.ಕಾಂ. ಚರ್ಚಿನ ಸಭಾಪಾಲಕ (ಪಾಸ್ಟರ್) ಆಗಬೇಕೆಂದಿದ್ದೇನೆ. ಕೆಲಸ ಬಿಡದೆ ಆನ್‌ಲೈನಿನಲ್ಲಿ ಎರಡು ವರ್ಷದ ಎಂ.ಎ. ಮುಗಿಸಿದರೆ ದೀಕ್ಷೆಗೆ ಸಾಕಾ? ಬೈಬಲಿನ ಮೂಲಭಾಷೆಗಳಾದ ಗ್ರೀಕ್, ಇಬ್ರಿಯ ಕಲಿಯಲೇಬೇಕಾ?

ಉತ್ತರ (ಸಭಾಪಾಲಕರು): ಬ್ರದರ್, ಪದವಿ ಕೊಡುವುದು ಸೆಮಿನರಿ (ದೇವಶಾಸ್ತ್ರದ ಕಾಲೇಜು), ದೀಕ್ಷೆ ಕೊಡುವುದು ಸಭೆ. ಫೀಸು ಕಟ್ಟಿದ ಮೇಲೆ ಇದು ತಿಳಿದರೆ ಪ್ರಯೋಜನವಿಲ್ಲ. ಅರ್ಜಿ ಹಾಕುವ ಮೊದಲೇ ನಿಮ್ಮ ಪಂಗಡದ ಹಿರಿಯರನ್ನು ಕೇಳಿ: ಯಾವ ಪದವಿ ಒಪ್ಪುತ್ತಾರೆ, ಸೆಮಿನರಿಗೆ ಯಾರ ಮಾನ್ಯತೆ ಇರಬೇಕು, ಎಷ್ಟು ಭಾಗ ಆನ್‌ಲೈನ್ ಆಗಬಹುದು. ಉತ್ತರ ಬರಹದಲ್ಲಿರಲಿ.

ಸಭಾಪಾಲನೆಗೆಂದೇ ರೂಪಿಸಿದ ಪದವಿ ಎಂ.ಡಿವ್. (ಮಾಸ್ಟರ್ ಆಫ್ ಡಿವಿನಿಟಿ). ಅಮೆರಿಕ, ಕೆನಡಾದ ಸೆಮಿನರಿಗಳಿಗೆ ಮಾನ್ಯತೆ ಕೊಡುವ ಎಟಿಎಸ್ ಲೆಕ್ಕದಲ್ಲಿ ಅದಕ್ಕೆ ಕನಿಷ್ಠ 72 ಕ್ರೆಡಿಟ್, ಎಂ.ಎ.ಗೆ 36. ಆ ಅರ್ಧದಲ್ಲಿ ಬಿಟ್ಟುಹೋಗುವುದು ಹೆಚ್ಚಾಗಿ ಭಾಷೆ, ಪ್ರಸಂಗ, ಆಪ್ತಸಮಾಲೋಚನೆ, ಅಂದರೆ ನಿಮಗೆ ಬೇಕಾದದ್ದೇ.

ಉತ್ತರ (ಹೊಸ ಒಡಂಬಡಿಕೆ ಬೋಧಕರು): ಭಾಷೆಯ ಬಗ್ಗೆ ನಾನು ಹೇಳುತ್ತೇನೆ. ಹೊಸ ಒಡಂಬಡಿಕೆಯಲ್ಲಿ 50 ಸಲವೋ ಹೆಚ್ಚೋ ಬರುವ ಗ್ರೀಕ್ ಪದಗಳು 300ರ ಆಸುಪಾಸು. ಅಷ್ಟು ಬಾಯಿಗೆ ಬಂದರೆ ಪಠ್ಯದ ಸುಮಾರು ಶೇ. 80ರಷ್ಟು ಪರಿಚಿತ. ವಿಭಕ್ತಿ ಪ್ರತ್ಯಯ ಕನ್ನಡಿಗರಿಗೆ ಹೊಸದೇನಲ್ಲ. ಎಡವುವುದು ಬೇರೆ ಕಡೆ: ಗ್ರೀಕಿನಲ್ಲಿ ಗುಣವಾಚಕವೂ ನಾಮಪದದ ಲಿಂಗ, ವಚನ, ವಿಭಕ್ತಿಯನ್ನು ತಾಳುತ್ತದೆ, ಸಂಸ್ಕೃತದಂತೆ. ಇಬ್ರಿಯದಲ್ಲಿ ಕಾಡುವುದು ದುರ್ಬಲ ಧಾತುಗಳು. ಮೂರು ಅಕ್ಷರದ ಧಾತುವಿನಲ್ಲಿ ಒಂದು ಅಕ್ಷರ ರೂಪದಲ್ಲಿ ಮಾಯವಾದರೆ ನಿಘಂಟಿನಲ್ಲಿ ಎಲ್ಲಿ ಹುಡುಕುವುದೆಂದೇ ತಿಳಿಯದು. ಸಾಲಿನಡಿಯಲ್ಲೇ ಅರ್ಥ ಅಚ್ಚಾದ ಬೈಬಲ್ಲನ್ನು ಮೊದಲ ವರ್ಷ ಮುಟ್ಟಬೇಡಿ. ಕಣ್ಣು ಗ್ರೀಕಿಗೆ ಹೋಗುವುದೇ ಇಲ್ಲ.

ಕೋರ್ಸಿನಲ್ಲಿ ಬೈಬಲಿನ ಒಂದು ಭಾಗವನ್ನು ವಿವರಿಸಿ ಬರೆಯುವ ವ್ಯಾಖ್ಯಾನ ಪ್ರಬಂಧಕ್ಕೆ ಹತ್ತು ಹನ್ನೆರಡು ವಚನ ಸಾಕು. ಮೊದಲು ನಿಮ್ಮದೇ ಅನುವಾದ, ಆಮೇಲೆ ಪಾಠಾಂತರ (ಹಸ್ತಪ್ರತಿಗಳ ನಡುವಿನ ಪದವ್ಯತ್ಯಾಸ), ವಾಕ್ಯರಚನೆ, ಸಂದರ್ಭ, ಟೀಕಾಗ್ರಂಥ (ಬೇರೆ ವಿದ್ವಾಂಸರ ವಿವರಣೆ) ಕೊನೆಗೆ. ಅದನ್ನೇ ಮೊದಲು ತೆರೆದವರ ಪ್ರಬಂಧ ಎರಡನೇ ಪುಟದಲ್ಲೇ ಗೊತ್ತಾಗುತ್ತದೆ. ಇನ್ನೊಂದು ತಪ್ಪು, ಪದವನ್ನು ಒಡೆದು ಅರ್ಥ ಹೇಳುವುದು. ಕ್ರೈಸ್ತ ಸಭೆಗೆ ಬಳಸುವ ಗ್ರೀಕ್ ಪದ 'ಎಕ್ಲೆಸಿಯಾ' ಎಂದರೆ 'ಹೊರಗೆ ಕರೆಯಲ್ಪಟ್ಟವರು' ಎಂದು ಪ್ರಸಂಗಗಳಲ್ಲಿ ಕೇಳುತ್ತೇವೆ. ಆದರೆ ಅಪೊಸ್ತಲರ ಕೃತ್ಯಗಳು 19:32ರಲ್ಲಿ ಎಫೆಸದ ಗದ್ದಲದ ಗುಂಪಿಗೂ ಇದೇ ಪದ. ಕೂಡಿದ ಜನ, ಅಷ್ಟೇ. ನಮ್ಮ 'ಸಭೆ' ಎಂಬ ಮಾತು ಇದಕ್ಕೆ ಎಷ್ಟು ಹೊಂದುತ್ತದೆ ನೋಡಿ.

ಪ್ರಶ್ನೆ: ತುಂಬಾ ಉಪಕಾರ ಸರ್. ಕೆಲಸ ಮಾಡಿಕೊಂಡೇ 72 ಕ್ರೆಡಿಟ್ ಆಗುತ್ತದಾ?

ಉತ್ತರ (ಸಭಾಪಾಲಕರು): ತರಗತಿ, ಓದು ಎಲ್ಲಾ ಸೇರಿ ಒಂದು ಕ್ರೆಡಿಟ್‌ಗೆ ವಾರಕ್ಕೆ ಮೂರು ಗಂಟೆ ಇಟ್ಟುಕೊಳ್ಳಿ. ಸೆಮಿಸ್ಟರಿಗೆ 12 ತೆಗೆದುಕೊಂಡರೆ ವಾರಕ್ಕೆ 36 ಗಂಟೆ, ಮೂರು ವರ್ಷ. 6 ತೆಗೆದುಕೊಂಡರೆ 18 ಗಂಟೆ, ಆರು ವರ್ಷ. ಕೆಲಸದಲ್ಲಿರುವವರಿಗೆ ಎರಡನೆಯದೇ ಸರಿ. ಎರಡೂ ಭಾಷೆಯನ್ನು ಒಂದೇ ಸೆಮಿಸ್ಟರಿನಲ್ಲಿ ಮಾತ್ರ ಹಿಡಿಯಬೇಡಿ. ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಮಾತಾಡಿ ಸಾಂತ್ವನ ಹೇಳುವುದನ್ನು ಕಲಿಸುವ ಸಿಪಿಇ ತರಬೇತಿ ಬೇಕೆಂದು ನಿಮ್ಮ ಪಂಗಡ ಕೇಳಿದ್ದರೆ ಅದರ ಒಂದು ಯೂನಿಟ್‌ಗೇ 400 ಗಂಟೆ. ರೋಗಿಯೊಡನೆ ಆಡಿದ ಮಾತನ್ನು ಹೆಸರು ಮರೆಮಾಡಿ ಅದೇ ದಿನ ಬರೆದಿಡಬೇಕು. ಹೆಚ್ಚಿನವರು ತಾವು ಕೊಟ್ಟ ಬುದ್ಧಿಮಾತನ್ನೇ ಬರೆಯುತ್ತಾರೆ, ರೋಗಿ ಹೇಳಿದ್ದು ಎರಡು ಸಾಲೂ ಇರುವುದಿಲ್ಲ. ಮೇಲ್ವಿಚಾರಕರು ಅದನ್ನು ತಿರುಗಿ ಬರೆಸುತ್ತಾರೆ.