ಅಪ್‌ಡೇಟ್: ತಮ್ಮನ ಮೊಣಕಾಲಿಗೆ ಕೊನೆಗೆ ಆರಿಸಿದ್ದು ಹ್ಯಾಮ್‌ಸ್ಟ್ರಿಂಗ್

ಕೊಡವ ಕೌಟುಂಬಿಕ ಹಾಕಿಯಲ್ಲಿ ಓಡುತ್ತಲೇ ತಿರುಗಿದಾಗ ತಮ್ಮನ ಎಸಿಎಲ್ (ಮೊಣಕಾಲಿನೊಳಗೆ ಮೂಳೆಗಳನ್ನು ಹಿಡಿದಿಡುವ ಒಂದು ಲಿಗಮೆಂಟ್, ಅಂದರೆ ಅಸ್ಥಿರಜ್ಜು) ಹರಿದಿತ್ತು. ಹೊಸ ಲಿಗಮೆಂಟನ್ನು ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯುರಜ್ಜುವಿನಿಂದ ಕಟ್ಟಿಸುವುದೋ, ಮಂಡಿಚಿಪ್ಪಿನ ಕೆಳಗಿನದರಿಂದಲೋ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ಜೂನ್‌ನಲ್ಲಿ ಮೈಸೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ನನ್ನ ಒಲವು ಕೊನೆಯವರೆಗೂ ಮಂಡಿಚಿಪ್ಪಿನ ರಜ್ಜುವಿನ ಕಡೆಗೇ ಇತ್ತು. ಅದರ ಎರಡೂ ತುದಿಗಳಲ್ಲಿ ಮೂಳೆಯ ತುಣುಕು ಇರುವುದರಿಂದ ಮೂಳೆಗೆ ಮೂಳೆ ಬೇಗ ಬೆಸೆಯುತ್ತದೆ. ಎಳೆಯ ಆಟಗಾರರಲ್ಲಿ ಮತ್ತೆ ಹರಿಯುವ ಸಾಧ್ಯತೆಯೂ ತುಸು ಕಡಿಮೆ. ಆದರೆ ಮಂಡಿಯೂರಿದಾಗ ಮುಂಭಾಗದಲ್ಲಿ ನೋವು ಉಳಿಯಬಹುದು ಎಂದು ವೈದ್ಯರು ಹೇಳಿದ ಕ್ಷಣವೇ ತಮ್ಮ ತೀರ್ಮಾನಿಸಿಬಿಟ್ಟ. ಆಟ ಇನ್ನು ಕೆಲವು ವರ್ಷ, ಕಾಫಿ ಗಿಡದ ಬುಡದಲ್ಲಿ ಕೂರುವುದು ಜೀವನವಿಡೀ ಎಂದ. ಅವನ ಮಾತಿಗೆ ಎದುರಾಡಲು ನನಗೆ ಮನಸ್ಸಾಗಲಿಲ್ಲ.

ಈಗ ಐದು ತಿಂಗಳು. ಅಂಗಳದಲ್ಲಿ ಆರಾಮವಾಗಿ ನಡೆಯುತ್ತಾನೆ, ಮೆಟ್ಟಿಲು ಹತ್ತುತ್ತಾನೆ. ರಜ್ಜು ತೆಗೆದ ಕಡೆ ಮಾತ್ರ ಕಾಲು ಹಿಂದಕ್ಕೆ ಮಡಚುವ ಬಲ ಇನ್ನೂ ಪೂರ್ತಿ ಬಂದಿಲ್ಲ. ಫಿಸಿಯೋಥೆರಪಿ ಒಂದು ದಿನವೂ ತಪ್ಪಿಸಿಲ್ಲ. ಅರೇಬಿಕಾ ಕೊಯ್ಲು ಶುರುವಾಗಿದೆ, ತೋಟದ ಇಳಿಜಾರಿಗೆ ಅವನನ್ನು ನಾವು ಬಿಟ್ಟಿಲ್ಲ. 9 ತಿಂಗಳು ತುಂಬಿ, ಎರಡೂ ಕಾಲುಗಳ ಬಲ ಪರೀಕ್ಷಿಸಿದ ಮೇಲೆಯೇ ಹಾಕಿ ಸ್ಟಿಕ್.